ಜ್ವರ ಬಿಟ್ಟ ದಿನ

ಕಂಕುಳಿನಿಂದ ಥರ್ಮಾಮೀಟರ್ ತೆಗೆದು ನೋಡಿದ ಸಿಸ್ಟರ್ ಶೋಭಾರಾಣಿ, "ನಾರ್ಮಲ್ ಅಂಕಲ್. ಬಿಡ್ತು ನೋಡಿ" ಎಂದಳು. ಪದ್ಮನಾಭ ಮೊದಲು ಕಾಫಿ ಕೇಳಿದರು. ಆಮೇಲೆ ಪಂಚೆ ಕೇಳಿದರು.

ಗೋಡೆ ಬದಿಯ ಬೆಂಚಿನ ಮೇಲೆ ಕಾಲು ಮಡಚಿ ಕುಳಿತಿದ್ದ ಅಲಮೇಲುಗೆ ಖುಷಿಯಾಗಬೇಕಿತ್ತು. ಗಂಡನಿಗೆ ಬಂದಿರುವುದು ಡೆಂಗಿ ಎಂದು ಗೊತ್ತಾದಂದಿನಿಂದ ಅವರು ಕಾದಿದ್ದು ಈ ಒಂದು ಮಾತಿಗೇ. ಆದರೆ ಕಾಯುವುದರಲ್ಲೇ ಖುಷಿಪಡುವ ತ್ರಾಣವೂ ಮುಗಿದುಹೋಗಿತ್ತು. ಅವರಿಗೀಗ ಬೇಕಾಗಿದ್ದದ್ದು ರಾಜಾಜಿನಗರದ ತಮ್ಮ ಮನೆ, ಚಿಲಕ ಸರಿಯಾಗಿ ಬೀಳುವ ಬಚ್ಚಲು, ಗಂಟೆಗೊಮ್ಮೆ ಯಾರೂ ಬಂದು ದೀಪ ಹಾಕದ ಒಂದು ಕೋಣೆ.

ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಕ್ಕೆ ಹೋದರೆ ಸಿಗುವ ಆ ನರ್ಸಿಂಗ್ ಹೋಮಿನಲ್ಲಿ ಮಳೆ ಶುರುವಾದ ಮೇಲೆ ಹಾಸಿಗೆ ಖಾಲಿ ಇದ್ದದ್ದಿಲ್ಲ. ಇಬ್ಬರಿಗೆಂದು ಮಾಡಿದ ಕೋಣೆಯಲ್ಲಿ ಮೂವರು ಮಲಗಿದ್ದರು. ಕಾರಿಡಾರಿನಲ್ಲೂ ಎರಡು ಮಂಚ ಹಾಕಿದ್ದರು. ರೋಗಿಗಳ ಜೊತೆ ಬಂದವರೆಲ್ಲ ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆ ಒಂದೇ: ಪ್ಲೇಟ್‌ಲೆಟ್ ಎಷ್ಟು? ಹೆಸರು ಕೇಳುವುದು ಆಮೇಲೆ.

"ನಾಳೆ ಅಪ್ಪನ ತಿಥಿ" ಎಂದರು ಪದ್ಮನಾಭ, ಕಾಫಿ ಆರಿಸಿಕೊಳ್ಳುತ್ತ. "ನೆನಪಿದೆ ತಾನೇ?"

"ನೆನಪಿದೆ ರೀ."

"ಮಧ್ಯಾಹ್ನದೊಳಗೆ ಮನೆ ಸೇರಿದ್ರೆ ಸಾಕು. ತಲೆಗೆ ಒಂದು ಸ್ನಾನ ಮಾಡ್ಬಿಟ್ರೆ ಎಲ್ಲ ಸರಿಹೋಗತ್ತೆ. ರಾತ್ರಿ ಹೇಗೂ ಊಟ ಇಲ್ಲ. ಹಸಿವೂ ಇಲ್ಲ, ಒಳ್ಳೇದೇ ಆಯ್ತು."

ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ನಿಯಮಾವಳಿ ಓದಿ ನಿವೃತ್ತರಾದ ಮನುಷ್ಯ. ತಂದೆ ತೀರಿಕೊಂಡ ಮೇಲೆ ಒಂದು ವರ್ಷವೂ ತಿಥಿ ತಪ್ಪಿಸಿದವರಲ್ಲ. ಹುಬ್ಬಳ್ಳಿಗೆ ಆಡಿಟ್‌ಗೆ ಹೋಗಿದ್ದ ವರ್ಷ ರಾತ್ರಿ ರೈಲಿನಲ್ಲಿ ನಿಂತುಕೊಂಡೇ ಬಂದು, ತಲೆಗೆ ತಣ್ಣೀರು ಸುರಿದುಕೊಂಡು ಮಣೆಯ ಮೇಲೆ ಕೂತಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿದ್ದ ವರ್ಷ ಪುರೋಹಿತರ ಜೊತೆ ವಾದ ಮಾಡಿ, ಸ್ಟೂಲಿನ ಮೇಲೆ ಕೂತು ಮಾಡಲು ಒಪ್ಪಿಗೆ ಪಡೆದಿದ್ದರು. ಹಾಗಿದ್ದವರು ಜ್ವರ ಬಿಟ್ಟ ಮೇಲೂ ಆಸ್ಪತ್ರೆಯಲ್ಲಿ ಮಲಗುತ್ತಾರೆಂದು ಅಲಮೇಲು ಅಂದುಕೊಂಡಿರಲಿಲ್ಲ. ಅಡುಗೆಯವರಿಗೆ ಮುಂಚೆಯೇ ಹೇಳಿದ್ದಾಗಿತ್ತು. ಮನೆಯಲ್ಲಿ ಮಡಿ ಬಟ್ಟೆ ಒಣಹಾಕುವುದೊಂದು ಬಾಕಿ.

ಅಷ್ಟರಲ್ಲಿ ಮೈದುನ ಮುರಳೀಕೃಷ್ಣ ಬಂದ. ಶ್ರೀಗಂಧದ ಕಾವಲಿನಲ್ಲಿ ಅವನ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಅಂಗಡಿ ತೆರೆಯುವ ಮುಂಚೆ ದಿನವೂ ಒಂದು ಸ್ಟೀಲ್ ಫ್ಲಾಸ್ಕಿನಲ್ಲಿ ಪರಂಗಿ ಎಲೆಯ ರಸ ತರುತ್ತಿದ್ದ. ಪದ್ಮನಾಭ ಅದನ್ನು ಕುಡಿದು ವಾಂತಿ ಮಾಡುತ್ತಿದ್ದರು. ಮರುದಿನ ಅವನು ಮತ್ತೆ ತರುತ್ತಿದ್ದ.

"ಪ್ಲೇಟ್‌ಲೆಟ್ ಎಷ್ಟು ಅತ್ತಿಗೆ?"

"ಎಪ್ಪತ್ತೆರಡು ಸಾವಿರ."

"ಆರಾಮು ಬಿಡಿ. ನಮ್ಮ ಲೇಔಟಲ್ಲಿ ಒಬ್ರಿಗೆ ಹದಿನೆಂಟಕ್ಕೆ ಇಳಿದಿತ್ತು. ಈಗ ಬೆಳಗ್ಗೆ ವಾಕಿಂಗಲ್ಲಿ ನನ್ನನ್ನೇ ಹಿಂದಕ್ಕೆ ಹಾಕ್ತಾರೆ." ಅಣ್ಣನ ಕಡೆ ತಿರುಗಿದ. "ಏನಣ್ಣ, ನಾಳೆ ರೆಡೀನಾ?"

"ನಾನು ರೆಡಿ. ನೀನು ಈ ವರ್ಷನಾದ್ರೂ ಪಿಂಡ ಪ್ರದಾನದ ಹೊತ್ತಿಗೆ ಬಾ. ಪ್ರತಿ ಸಲ ಎಲೆ ಹಾಕೋ ಟೈಮಿಗೆ ಪ್ಯಾಂಟ್ ಹಾಕ್ಕೊಂಡು ಬರ್ತೀಯ."

"ವಡೆ ಬಿಸಿ ಇರೋವಾಗ ಬರಬೇಕಲ್ಲಣ್ಣ" ಎಂದ ಮುರಳೀಕೃಷ್ಣ. ಅಣ್ಣ ನಗಲಿಲ್ಲ. ಆದರೂ ಅವರ ಮುಖದಲ್ಲಿ ಕಳೆ ಬಂದಿತ್ತು. ಎಷ್ಟೋ ದಿನಗಳ ನಂತರ ಕೋಣೆಯಲ್ಲಿ ಮನೆಯ ಮಾತು ನಡೆದಿತ್ತು.

ಡಾಕ್ಟರ್ ಚೇತನಾ ರೌಂಡ್ಸಿಗೆ ಬಂದಾಗ ಪದ್ಮನಾಭ ಕಾಲು ಕೆಳಗೆ ಬಿಟ್ಟುಕೊಂಡು, ಹೊರಡುವವರ ಹಾಗೆ ಕುಳಿತಿದ್ದರು. ಚೇತನಾಗೆ ಮೂವತ್ತು ದಾಟಿರಲಿಕ್ಕಿಲ್ಲ. ಹಿಂದಿನ ದಿನ ಹಾಕಿದ್ದ ಚೂಡಿದಾರದಲ್ಲೇ ಇದ್ದರು. ರಿಪೋರ್ಟ್ ತಿರುವಿದರು, ಹಿಂದಿನ ಹಾಳೆ ನೋಡಿದರು, ಮತ್ತೆ ಮುಂದಿನ ಹಾಳೆಗೆ ಬಂದರು.

"ಇವತ್ತು ಮನೆಗೆ ಬೇಡ ಅಂಕಲ್."

"ಜ್ವರ ಬಿಟ್ಟಿದೆಯಲ್ಲಮ್ಮ."

"ಬಿಟ್ಟಿರೋದಕ್ಕೇ ಬೇಡ ಅಂದಿದ್ದು. ಡೆಂಗಿಯಲ್ಲಿ ಜ್ವರ ಇರೋ ದಿನಕ್ಕಿಂತ ಬಿಟ್ಟ ಮೇಲಿನ ಒಂದೆರಡು ದಿನವೇ ಕಷ್ಟ. ರಕ್ತನಾಳ ಸೋರೋದು ಆವಾಗ."

"ಎಲ್ಲೂ ರಕ್ತ ಬಂದಿಲ್ಲ. ಹಲ್ಲುಜ್ಜಿದೆ, ಒಸಡಲ್ಲೂ ಇಲ್ಲ."

"ರಕ್ತ ಅಲ್ಲ ಅಂಕಲ್, ರಕ್ತದಲ್ಲಿರೋ ನೀರು. ಪಿಸಿವಿ ಅಂತ ಒಂದು ನಂಬರ್ ಇದೆ. ರಕ್ತದಲ್ಲಿ ಕಣ ಎಷ್ಟು ಭಾಗ, ನೀರು ಎಷ್ಟು ಭಾಗ ಅಂತ ಹೇಳತ್ತೆ. ನಿಮ್ಮದು ನಿನ್ನೆ ನಲವತ್ತೊಂದು. ಇವತ್ತು ನಲವತ್ತಾರು."

"ಏರಿದೆಯಲ್ಲ, ಒಳ್ಳೇದಲ್ವಾ?" ಎಂದು ಮುರಳೀಕೃಷ್ಣ ನಡುವೆ ಬಾಯಿ ಹಾಕಿದ.

"ರಕ್ತ ಜಾಸ್ತಿ ಆಗಿಲ್ಲ ಸಾರ್, ಗಟ್ಟಿ ಆಗಿದೆ. ಡ್ರಿಪ್ ಹಾಕಿ ನೋಡ್ಕೋಬೇಕು." ಕಾರಿಡಾರಿನಿಂದ ಯಾರೋ ಅವರನ್ನು ಕೂಗಿದರು. ಚೇತನಾ ಬಾಗಿಲಿನಲ್ಲಿ ನಿಂತು ಹೇಳಿದರು: "ಹೋಗಲೇಬೇಕು ಅಂದ್ರೆ ನಮ್ಮ ಜವಾಬ್ದಾರಿ ಮೇಲೆ ಹೋಗ್ತಿದೀವಿ ಅಂತ ಬರೆದು ಮನೆಯವರು ಸಹಿ ಹಾಕಬೇಕು. ಹೋಗಿ ಅಂತ ನಾನು ಹೇಳಲ್ಲ."

ಅವರು ಹೋದ ಮೇಲೆ ಪದ್ಮನಾಭ ಹೆಂಡತಿಯನ್ನು ನೋಡಿದರು. "ಹಾಕು."

ಅಲಮೇಲು ವಿಜಯನಗರದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವರು. ಲೋಮನಾಳದ, ಅಂದರೆ ಅತಿ ಸಣ್ಣ ರಕ್ತನಾಳದ ಪಾಠವನ್ನು ಅವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲರು. ಅದರ ಗೋಡೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಅಷ್ಟು ತೆಳುವಾಗಿರುವುದರಿಂದಲೇ ಆಮ್ಲಜನಕವೂ ಸಕ್ಕರೆಯೂ ರಕ್ತದಿಂದ ಅಂಗಾಂಶಕ್ಕೆ ದಾಟುತ್ತವೆ. ಗೋಡೆ ಎಲ್ಲ ಕಡೆಯೂ ಒಂದೇ ತೆರನಾಗಿಲ್ಲ. ಮೆದುಳಿನಲ್ಲಿ ಕೋಶಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ, ಬಹುಪಾಲು ಔಷಧಗಳೂ ಅಲ್ಲಿ ನುಸುಳಲಾರವು. ಮೂತ್ರಪಿಂಡದಲ್ಲಿ ಕೋಶಗಳಲ್ಲೇ ಸಣ್ಣ ಕಿಂಡಿಗಳಿರುತ್ತವೆ. ಯಕೃತ್ತಿನಲ್ಲಿ ಕೋಶಕೋಶಗಳ ನಡುವೆ ದೊಡ್ಡ ಸಂದೇ ಇರುತ್ತದೆ. ಉಳಿದ ಮೈಯಲ್ಲೆಲ್ಲ ನೀರು, ಉಪ್ಪು ದಾಟುವಷ್ಟು ಸೀಳು ಮಾತ್ರ. ಅಲ್ಬುಮಿನ್‌ನಂಥ ದೊಡ್ಡ ಪ್ರೋಟೀನು ಒಳಗೇ ಉಳಿದು ನೀರನ್ನು ತನ್ನ ಜೊತೆ ಹಿಡಿದಿಟ್ಟುಕೊಳ್ಳುತ್ತದೆ. ಇದಕ್ಕೆ ಪ್ರತಿವರ್ಷ ಐದು ಅಂಕದ ಒಂದು ಪ್ರಶ್ನೆ ಖಾತರಿ ಎಂದು ಮಕ್ಕಳಿಗೆ ಹೇಳುತ್ತಿದ್ದರು.

ಡಾಕ್ಟರ್ ಹೇಳಿದ್ದು ಆ ಪಾಠವನ್ನೇ. ಅಲಮೇಲುಗೆ ಅದು ಕೇಳಿಸಿತ್ತು. ಆದರೆ ಪಾಠ ಪಾಠದ ಜಾಗದಲ್ಲಿತ್ತು, ಗಂಡ ಗಂಡನ ಜಾಗದಲ್ಲಿದ್ದರು. ಇಷ್ಟು ದಿನವೂ ಅವರು ರಿಪೋರ್ಟ್ ಕೈಗೆ ಬಂದೊಡನೆ ಓದಿದ್ದು ಪ್ಲೇಟ್‌ಲೆಟ್ಟಿನ ಸಾಲು ಮಾತ್ರ. ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಿದ್ದರು, ಕೈಮುಗಿದ ಚಿತ್ರಗಳು ಬರುತ್ತಿದ್ದವು. ಪಿಸಿವಿಯ ಸಾಲು ಅದಕ್ಕಿಂತ ಮೇಲೆಯೇ ಇತ್ತು.

ಮನೆ ಇಲ್ಲಿಂದ ಹದಿನೈದು ನಿಮಿಷದ ದಾರಿ, ಏನಾದರೂ ಆದರೆ ವಾಪಸ್ ಕರೆದುಕೊಂಡು ಬಂದರಾಯಿತು ಎಂದು ಅಂದುಕೊಂಡರು. ಇವರನ್ನು ಇಲ್ಲಿ ಹಿಡಿದಿಡಬೇಕಾದರೆ ಜಗಳವಾಡಬೇಕು, ಜಗಳವಾಡಲು ಏಳಬೇಕು, ನಿಲ್ಲಬೇಕು, ದನಿ ಏರಿಸಬೇಕು. ಶೋಭಾರಾಣಿ ತಂದ ಹಾಳೆಯನ್ನು ಓದದೆ ಸಹಿ ಹಾಕಿದರು.

ಸಹಿ ಹಾಕಿದ ಕೂಡಲೇ ಹೊರಡಲು ಆಗಲಿಲ್ಲ. ಕಾಗದ ಫಾರ್ಮಸಿಗೆ ಹೋಗಬೇಕು, ಅಲ್ಲಿಂದ ಲ್ಯಾಬಿಗೆ, ಅಲ್ಲಿಂದ ಬಿಲ್ಲಿಂಗಿಗೆ. ಬಿಲ್ಲಿಂಗಿನವನು ತಿಂಡಿಗೆ ಹೋಗಿದ್ದ. ಮುರಳೀಕೃಷ್ಣ ಕಾರನ್ನು ಎದುರಿನ ವರ್ಕ್‌ಶಾಪಿನ ಮುಂದೆ ನಿಲ್ಲಿಸಿ ಬೈಸಿಕೊಂಡು, ಬೇರೆ ಕಡೆ ನಿಲ್ಲಿಸಲು ಹೋದ. ಪದ್ಮನಾಭರ ಕೈಗೆ ಚುಚ್ಚಿಟ್ಟಿದ್ದ ಡ್ರಿಪ್ಪಿನ ಸೂಜಿ ತೆಗೆಯಲು ಬಂದ ಶೋಭಾರಾಣಿ, "ಬಿಲ್ ಆಗ್ಲಿ ಆಂಟಿ, ಆಮೇಲೆ ತೆಗೀತೀನಿ" ಎಂದು ಹೋದಳು.

ಕಾದು ಕಾದು ಪದ್ಮನಾಭರ ಮಾತು ಕಡಿಮೆಯಾಯಿತು. ಒಮ್ಮೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ನಿದ್ದೆ ಬರ್ತಿದೆಯಾ?" ಎಂದು ಅಲಮೇಲು ಕೇಳಿದಾಗ, "ಹೊಟ್ಟೆ ಸ್ವಲ್ಪ ಬಿಗಿ ಅನ್ನಿಸ್ತಿದೆ. ಕಾಫಿ ಕುಡೀಬಾರದಿತ್ತು" ಎಂದರು.

"ಬನ್ನಿ, ಪಂಚೆ ಉಡಿಸ್ತೀನಿ. ಮನೆಗೆ ಹೋಗಿ ಮಲಕ್ಕೊಳ್ಳೋರಂತೆ."

ಪರದೆ ಎಳೆದು ಅವರನ್ನು ಎಬ್ಬಿಸಿ ನಿಲ್ಲಿಸಿದರು. ಆಸ್ಪತ್ರೆಯ ಪೈಜಾಮದ ಲಾಡಿ ಬಿಚ್ಚಿದಾಗ ಉಡಿದಾರ ಕಣ್ಣಿಗೆ ಬಿತ್ತು. ಯಾವಾಗಲೂ ಸೊಂಟದ ಮೇಲೆ ಸಡಿಲವಾಗಿ ಜೋತಿರುತ್ತಿದ್ದ ಕಪ್ಪು ದಾರ ಈಗ ಹೊಟ್ಟೆಯಲ್ಲಿ ಹೂತುಹೋಗಿತ್ತು. ಎರಡು ಬದಿಗೂ ಚರ್ಮ ಉಬ್ಬಿ ನಿಂತಿತ್ತು.

ಅಲಮೇಲು ಪಂಚೆ ಹಿಡಿದುಕೊಂಡು ಹಾಗೇ ನಿಂತರು. ಜ್ವರ ಬಂದಂದಿನಿಂದ ಈ ಮನುಷ್ಯ ತಿಂದದ್ದು ಅರ್ಧ ಇಡ್ಲಿ, ಗಂಜಿ, ಬಾರ್ಲಿ ನೀರು. ಕೆನ್ನೆ ಇಳಿದಿದೆ, ತೋಳು ಇಳಿದಿದೆ. ಹೊಟ್ಟೆ ಯಾಕೆ ಬೆಳೆದಿದೆ?

ಅವರನ್ನು ಕೂರಿಸಿ, ಚಪ್ಪಲಿ ಹಾಕುವವರ ಹಾಗೆ ಬಗ್ಗಿ ಪಾದ ಮುಟ್ಟಿದರು. ಪಾದ ತಣ್ಣಗಿತ್ತು, ಒದ್ದೆಯೂ ಇತ್ತು. ಬೆಳಗ್ಗೆ ಕೈ ತಣ್ಣಗಿದ್ದಾಗ ಜ್ವರ ಬಿಟ್ಟ ಲಕ್ಷಣ ಎಂದುಕೊಂಡು ಸಮಾಧಾನಪಟ್ಟಿದ್ದರು. ಈಗ ಅವರ ಹೆಬ್ಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ಬಿಟ್ಟರು. ಉಗುರು ಬಿಳಿಚಿತು. ಬಿಳಿಚಿದ್ದು ಹಾಗೇ ಇತ್ತು. ನಿಧಾನವಾಗಿ, ಬಹಳ ನಿಧಾನವಾಗಿ ಅಂಚಿನಿಂದ ಬಣ್ಣ ಬಂತು. ತಮ್ಮ ಉಗುರನ್ನು ಒತ್ತಿ ನೋಡಿಕೊಂಡರು. ಬೆರಳು ತೆಗೆಯುವಷ್ಟರಲ್ಲಿ ಕೆಂಪಾಗಿತ್ತು.

"ಏನು ಮಾಡ್ತಿದೀಯ?"

"ಬೆಳಗ್ಗೆಯಿಂದ ಒಂದಕ್ಕೆ ಹೋದ್ರಾ?"

"ಬಂದ್ರೆ ತಾನೇ ಹೋಗೋದು? ಅದೇನು ಕೇಳ್ತೀಯ ಈಗ. ಮುರಳಿ ಬಂದ್ನಾ ನೋಡು."

ಅಲಮೇಲು ಪರದೆ ಸರಿಸಿ ಕಾರಿಡಾರಿಗೆ ಬಂದರು. ಓಡಲಿಲ್ಲ, ಓಡುವ ಶಕ್ತಿ ಇರಲಿಲ್ಲ. ಕೌಂಟರಿನ ಹತ್ತಿರ ನಿಂತು, ಎದುರಿಗಿದ್ದ ಹುಡುಗಿಗೆ ಹೇಳಿದರು: "ಶೋಭಾ, ನಾನು ಹಾಕಿದ ಸಹಿ ಹೊಡೆದುಹಾಕಮ್ಮ. ನಾವು ಹೋಗಲ್ಲ. ಮೊದಲು ಬಂದು ಬಿಪಿ ನೋಡು."

ವಾಪಸ್ ಬಂದಾಗ ಪದ್ಮನಾಭ ತಾವೇ ಅರ್ಧಂಬರ್ಧ ಪಂಚೆ ಸುತ್ತಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ಮುರಳೀಕೃಷ್ಣ ಅವರ ಬ್ಯಾಗು ಹಿಡಿದು ನಿಂತಿದ್ದ.

"ಇಲ್ಲೇ ಇರ್ತೀವಿ ಅಂತ ಹೇಳಿ ಬಂದೆ" ಎಂದರು ಅಲಮೇಲು.

"ಸಹಿ ಹಾಕಾಯ್ತಲ್ಲ."

"ವಾಪಸ್ ತಗೊಂಡೆ."

"ವಾಪಸ್ ತಗೊಳ್ಳೋಕೆ ಅದೇನು ಅಂಗಡಿ ಸಾಮಾನಾ? ಮುರಳಿ, ಕೈ ಕೊಡು. ಏಳ್ತೀನಿ."

"ಮುರಳಿ, ಕೈ ಕೊಡಬೇಡ" ಎಂದರು ಅಲಮೇಲು. ಮುರಳೀಕೃಷ್ಣ ಅಣ್ಣನನ್ನೂ ಅತ್ತಿಗೆಯನ್ನೂ ನೋಡಿ, ಎರಡು ಕೈಯಲ್ಲೂ ಬ್ಯಾಗು ಹಿಡಿದುಕೊಂಡ.

"ನಾಳೆ ತಿಥಿ ಕಣೇ."

"ಮುರಳಿ ಮಾಡ್ತಾನೆ."

"ಇವನಾ?" ಪದ್ಮನಾಭರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಎಳ್ಳುನೀರು ಯಾವ ಬೆರಳಿಂದ ಬಿಡಬೇಕು ಅಂತ ಇವನಿಗೆ ಗೊತ್ತಿಲ್ಲ. ನಾನು ಬದುಕಿರೋವಾಗ ಇವನು ಮಾಡೋದೇನು?"

"ನೀವು ಬದುಕಿರಬೇಕು ಅಂತಲೇ ಹೇಳ್ತಿರೋದು ರೀ." ಅಲಮೇಲು ಅವರ ಮುಂದೆ ಬೆಂಚಿನ ಮೇಲೆ ಕೂತರು. ದನಿ ಏರಿಸಲು ಹೋಗಲಿಲ್ಲ. "ಕೇಳಿ. ನಿಮ್ಮ ಹೊಟ್ಟೆಯಲ್ಲಿರೋದು ಕಾಫಿ ಅಲ್ಲ. ನಿಮ್ಮ ರಕ್ತದ ನೀರು. ಸಣ್ಣ ರಕ್ತನಾಳದ ಗೋಡೆ ಸಡಿಲ ಆಗಿದೆ. ಹೊರಗೆ ಹೋಗಬಾರದ ಪ್ರೋಟೀನ್ ಹೊರಗೆ ಹೋಗಿದೆ, ನೀರು ಅದರ ಹಿಂದೆ ಹೋಗಿದೆ. ಕೆಂಪು ಕಣ ದೊಡ್ಡದು, ಹೋಗಕ್ಕಾಗದೆ ಒಳಗೇ ಉಳಿದಿದೆ. ಅದಕ್ಕೇ ಆ ನಂಬರ್ ಏರಿದ್ದು. ಕಾಲಿಗೆ ರಕ್ತ ಸಾಲ್ತಾ ಇಲ್ಲ. ಮುಟ್ಟಿ ನೋಡ್ಕೊಳ್ಳಿ, ಹೇಗಿದೆ."

"ನಿನ್ನ ಪಿಯುಸಿ ಪಾಠ ನನಗೆ ಬೇಡ. ನಾನು ಚೆನ್ನಾಗಿದೀನಿ."

"ಚೆನ್ನಾಗಿದ್ರೆ ಎದ್ದು ನಿಲ್ಲಿ. ಮುರಳಿ ಕೈ ಇಲ್ಲದೆ."

ಪದ್ಮನಾಭ ಕುರ್ಚಿಯ ಎರಡೂ ತೋಳು ಹಿಡಿದು ಎದ್ದರು. ನಿಂತರು. ಅವರ ಮುಖದ ಬಣ್ಣ ಮೇಲಿನಿಂದ ಕೆಳಕ್ಕೆ ಇಳಿಯುವುದು ಕಾಣಿಸಿತು. ಏನೋ ಹೇಳಲು ಬಾಯಿ ತೆರೆದು ಹಾಗೇ ಪಕ್ಕಕ್ಕೆ ವಾಲಿದರು. ಮುರಳೀಕೃಷ್ಣ ಬ್ಯಾಗು ಬಿಸಾಕಿ ಹಿಡಿದುಕೊಂಡ.

ಮಲಗಿಸಿ ಬಿಪಿ ನೋಡಿದ ಶೋಭಾರಾಣಿ, "ನೂರು, ಎಂಬತ್ತೆರಡು" ಎಂದು ಹೇಳಿ ಡಾಕ್ಟರನ್ನು ಕರೆಯಲು ಹೋದಳು.

"ನೂರು ಅಂದ್ರೆ ಪರವಾಗಿಲ್ಲ ಅಲ್ವಾ?" ಎಂದು ಒಳಗೆ ಬಂದ ಚೇತನಾರನ್ನು ಮುರಳೀಕೃಷ್ಣ ಕೇಳಿದ.

"ಮೇಲಿನ ನಂಬರ್ ಒಂದನ್ನೇ ನೋಡಬೇಡಿ ಸಾರ್. ಎರಡರ ಮಧ್ಯೆ ನಲವತ್ತರಷ್ಟು ಅಂತರ ಇರಬೇಕು. ಇಪ್ಪತ್ತೂ ಇಲ್ಲ." ಅಷ್ಟು ಹೇಳುವಾಗಲೇ ಚೇತನಾ ಡ್ರಿಪ್ಪಿನ ನಳಿಕೆಯನ್ನು ಕೈಯ ಸೂಜಿಗೆ ಸೇರಿಸಿದ್ದರು. ಬಿಲ್ ಆಗದ್ದರಿಂದ ಸೂಜಿಯನ್ನಿನ್ನೂ ತೆಗೆದಿರಲಿಲ್ಲ. ಮತ್ತೆ ರಕ್ತ ತೆಗೆದು ಕಳಿಸಿದರು. ಪಿಸಿವಿ ಐವತ್ತಕ್ಕೆ ಏರಿತ್ತು. ಪದ್ಮನಾಭರನ್ನು ಪಂಚೆಯಲ್ಲೇ ಐಸಿಯುಗೆ ತಳ್ಳಿಕೊಂಡು ಹೋದರು.

ಆ ಮಧ್ಯಾಹ್ನವೆಲ್ಲ ಅಲಮೇಲು ಐಸಿಯು ಬಾಗಿಲ ಹೊರಗೆ ಕೂತಿದ್ದರು. ಒಳಗೆ ಹೋಗಿ ಬಂದು ಮಾಡುತ್ತಿದ್ದ ಚೇತನಾ ಒಮ್ಮೆ ಪಕ್ಕದಲ್ಲಿ ಬಂದು ಕುಳಿತು, ಚಪ್ಪಲಿಯಿಂದ ಕಾಲು ಹೊರಗೆ ತೆಗೆದರು.

"ಸ್ಕ್ಯಾನ್ ಮಾಡಿದ್ವಿ ಮೇಡಂ. ಹೊಟ್ಟೆಯಲ್ಲಿ ನೀರಿದೆ, ಬಲಗಡೆ ಶ್ವಾಸಕೋಶದ ಸುತ್ತ ಸ್ವಲ್ಪ ಇದೆ."

"ಗೋಡೆ ಒಡೆದುಹೋಗಿದೆಯಾ?"

"ಒಡೆದಿಲ್ಲ. ಒಡೆದಿದ್ರೆ ಇಷ್ಟು ಬೇಗ ರಿಪೇರಿ ಆಗ್ತಿರಲಿಲ್ಲ. ಗೋಡೆ ಒಳಮೈಗೆ ಒಂದು ಲೋಳೆ ಪದರ ಇರತ್ತಲ್ಲ, ಅದು ಕಿತ್ತುಹೋಗಿರತ್ತೆ. ಕೋಶಗಳ ಮಧ್ಯದ ಹಿಡಿತನೂ ಸಡಿಲ ಆಗಿರತ್ತೆ. ಒಂದೆರಡು ದಿನ, ಆಮೇಲೆ ತಾನಾಗೇ ಮುಚ್ಚಿಕೊಳ್ಳತ್ತೆ."

ಲೋಳೆ ಪದರ ಅಲಮೇಲುವಿನ ಪಠ್ಯಪುಸ್ತಕದಲ್ಲಿರಲಿಲ್ಲ. ಅವರು ಕಲಿಸುತ್ತಿದ್ದ ಗೋಡೆ ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಎಳೆದ ಒಂದು ಗೆರೆ. "ಸೋರೋದು ನಿಲ್ಲಿಸೋ ಔಷಧ ಏನೂ ಇಲ್ವಾ?"

"ಇಲ್ಲ. ಅದು ಮುಚ್ಚೋವರೆಗೆ ನಾವು ತುಂಬಿಸ್ತಾ ಇರಬೇಕು, ಅಳತೆ ನೋಡಿ. ಕಡಿಮೆ ಆದ್ರೆ ಕಿಡ್ನಿಗೆ ರಕ್ತ ಸಾಲಲ್ಲ. ಜಾಸ್ತಿ ಆದ್ರೆ ಅದೂ ಸೋರಿ ಉಸಿರು ಕಟ್ಟತ್ತೆ." ಚೇತನಾ ಚಪ್ಪಲಿ ಮೆಟ್ಟಿಕೊಂಡರು. "ಮನೆಯಲ್ಲಿ ಆಗಿದ್ರೆ, ಜ್ವರ ಬಿಟ್ಟಿದೆ, ಮಲಗಿದಾರೆ ಪಾಪ, ನಿದ್ದೆ ಮಾಡ್ಲಿ ಅಂತ ಬಿಟ್ಟಿರ್ತಿದ್ರಿ. ಎಲ್ಲರೂ ಹಾಗೇ ಮಾಡೋದು."

ಅಲಮೇಲು ಹೌದು ಎಂದು ತಲೆಯಾಡಿಸಿದರು. ತಾನೂ ಪಕ್ಕದಲ್ಲೇ ಮಲಗಿರುತ್ತಿದ್ದೆ ಎನ್ನುವುದು ಅವರಿಗೆ ಗೊತ್ತಿತ್ತು.

ಸಂಜೆ ಮುರಳೀಕೃಷ್ಣನಿಗೆ ಅವರು ಹೇಳಬೇಕಾದದ್ದನ್ನೆಲ್ಲ ಹೇಳಿದರು. ರಾತ್ರಿ ಊಟ ಬಿಡಬೇಕು, ಬೆಳಗ್ಗೆ ತಲೆಗೆ ಸ್ನಾನ, ಮಡಿ ಪಂಚೆ ರಾತ್ರಿಯೇ ಅಟ್ಟದ ಗಳುವಿನ ಮೇಲೆ ಒಣಹಾಕಬೇಕು, ಕೋಲಿನಲ್ಲೇ ತೆಗೆಯಬೇಕು. ಅಣ್ಣ ಹುಷಾರಾದ ಮೇಲೆ ಬರುವ ಅಮಾವಾಸ್ಯೆಗೂ ಮಾಡಬಹುದೆಂದು ಪುರೋಹಿತರು ಫೋನಿನಲ್ಲಿ ಹೇಳಿದ್ದರು. ಆದರೆ ತಮ್ಮ ಇರುವಾಗ ದಿನ ತಪ್ಪಿಸುವುದೇಕೆ ಎಂದೂ ಅಂದಿದ್ದರು.

"ನನಗೆ ಮಂತ್ರ ಬರಲ್ಲ ಅತ್ತಿಗೆ."

"ಅವರು ಹೇಳಿಕೊಡ್ತಾರೆ, ನೀನು ಹೇಳು. ಮಧ್ಯೆ ಫೋನ್ ತೆಗೀಬೇಡ."

ಮರುದಿನ ಹೊತ್ತೇರುವ ಮೊದಲೇ ಅವನು ತಾನೇ ಫೋನ್ ಮಾಡಿದ. ಐಸಿಯು ಒಳಗೆ ಪದ್ಮನಾಭ ಕಣ್ಣು ಮುಚ್ಚಿ ಮಲಗಿದ್ದರು. ರಾತ್ರಿ ಡ್ರಿಪ್ಪನ್ನು ಎರಡು ಸಲ ಏರಿಸಿ ಒಮ್ಮೆ ಇಳಿಸಿದ್ದರು. ಪಿಸಿವಿ ಐವತ್ತರಿಂದ ನಲವತ್ತೇಳಕ್ಕೆ ಬಂದು ಅಲ್ಲೇ ನಿಂತಿತ್ತು, ಪಾದ ಸ್ವಲ್ಪ ಬೆಚ್ಚಗಾಗಿತ್ತು.

"ಅತ್ತಿಗೆ, ದರ್ಭೆ ಎಲ್ಲಿದೆ? ಇವರೆಲ್ಲ ನನ್ನನ್ನೇ ನೋಡ್ತಾ ಇದಾರೆ."

"ದೇವರ ಮನೆ ಬಲಗಡೆ ಗೂಡು. ರಾತ್ರಿ ಊಟ ಬಿಟ್ಟೆಯಾ?"

"ಬಿಟ್ಟೆ." ಸ್ವಲ್ಪ ತಡೆದು, "ಎರಡು ಬಾಳೆಹಣ್ಣು" ಎಂದ. ಇನ್ನೂ ತಡೆದು, "ಅಣ್ಣ ಹೇಗಿದಾನೆ?" ಎಂದು ಕೇಳಿದ. ಆ ಮನೆಯ ಮಣೆಯ ಮೇಲೆ ಅಣ್ಣನ ಜಾಗದಲ್ಲಿ ಕೂರುವ ಮುಂಚೆ ಅವನಿಗೆ ಹೆದರಿಕೆಯಾಗಿದೆ ಎಂದು ಅಲಮೇಲುಗೆ ಆಗ ಗೊತ್ತಾಯಿತು.

"ಇದಾರೆ. ನೀನು ಕೂತ್ಕೋ."

ಅದರ ಮಾರನೆಯ ದಿನ ಬೆಳಗ್ಗೆ ಚೇತನಾ ಡ್ರಿಪ್ ನಿಲ್ಲಿಸಿದರು. ಮುರಳೀಕೃಷ್ಣನಿಗೆ ಅದು ಸರಿಕಾಣಲಿಲ್ಲ. ಇಷ್ಟು ಸುಸ್ತಾಗಿರುವ ಮನುಷ್ಯನಿಗೆ ಇನ್ನೂ ಎರಡು ಬಾಟಲಿ ಹಾಕಿ ಎಂದು ಜಗಳಕ್ಕೆ ನಿಂತ. ಗೋಡೆ ಮುಚ್ಚಿಕೊಂಡಿದೆ, ಹೊರಗೆ ಹೋದ ನೀರು ಈಗ ತಾನಾಗಿ ರಕ್ತಕ್ಕೆ ವಾಪಸ್ ಬರುತ್ತಿದೆ, ಮೇಲಿಂದ ಹಾಕಿದರೆ ಶ್ವಾಸಕೋಶ ತುಂಬುತ್ತದೆ ಎಂದು ಅಲಮೇಲುವೇ ಅವನಿಗೆ ಬಿಡಿಸಿ ಹೇಳಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಪದ್ಮನಾಭರಿಗೆ ಮೂತ್ರ ಹೋಗಲು ಶುರುವಾಯಿತು. ಬಾಟಲಿ ತುಂಬಿ, ಖಾಲಿ ಮಾಡಿ ತಂದ ಕೂಡಲೇ ಮತ್ತೆ ಬೇಕು ಎನ್ನುತ್ತಿದ್ದರು. ಸಂಜೆ ವಾರ್ಡಿಗೆ ಕಳಿಸಿದರು.

ವಾರ್ಡಿಗೆ ಬಂದ ಮೇಲೆ ನೋಡಲು ಜನ ಬರತೊಡಗಿದರು. ಬಂದವರಿಗೆಲ್ಲ ಪದ್ಮನಾಭ ತಮಗೆ ಏನಾಯಿತೆಂದು ಹೇಳುತ್ತಿದ್ದರು. ಮೊದಲ ಸಲ ಸಣ್ಣದಾಗಿ ಹೇಳಿದರು. ಎರಡನೆಯ ಸಲಕ್ಕೆ ಕಥೆ ಸ್ವಲ್ಪ ಮೈ ತುಂಬಿಕೊಂಡಿತ್ತು. ರಾಜಾಜಿನಗರದ ಮನೆಯ ಪಕ್ಕದ ಯಶೋದಮ್ಮ ಬಂದು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಅದು ಪೂರ್ತಿ ರೂಪ ಪಡೆದಿತ್ತು.

"ಜ್ವರ ಬಿಟ್ಟಿತ್ತು ಕಣ್ರೀ. ಎದ್ದು ಕೂತು ಕಾಫಿ ಕುಡಿದೆ. ಪಂಚೆ ಉಟ್ಟು ಹೊರಟಿದ್ದೆ. ಇವಳು ಬಿಡಲಿಲ್ಲ. ಅಪ್ಪನ ತಿಥಿ ನನ್ನ ಕೈ ತಪ್ಪಿತು, ಐಸಿಯು ಸೇರಿದೆ. ಇಷ್ಟು ವರ್ಷ ಮಾಡಿದವನು ನಾನು. ಪಿತೃಗಳು ಸುಮ್ನೆ ಬಿಡ್ತಾರಾ?"

ಯಶೋದಮ್ಮ ಅಲಮೇಲುವಿನ ಕಡೆ ತಿರುಗಿ ಲೊಚಗುಟ್ಟಿದರು. ಅಲಮೇಲು ಕಿತ್ತಳೆ ಬಿಡಿಸುತ್ತಿದ್ದರು. ಮೊದಲ ಎರಡು ಸಲ ಸುಮ್ಮನಿದ್ದರು. ಈ ಸಲವೂ ಸುಮ್ಮನಿರಬಹುದಿತ್ತು. ಆದರೆ ತಪ್ಪು ಉತ್ತರವನ್ನು ಮೂರನೆಯ ಸಲ ಕೇಳಿ ತಿದ್ದದೆ ಬಿಡುವುದು ಅವರಿಗೆ ಅಭ್ಯಾಸವಿರಲಿಲ್ಲ.

"ಐಸಿಯುಗೆ ಹೋಗಿದ್ದು ತಿಥಿಯ ಹಿಂದಿನ ದಿನ ರೀ" ಎಂದರು.

"ಏನು?"

"ಮೊದಲು ನೀವು ಬಿದ್ರಿ. ಐಸಿಯುಗೆ ಹೋದ್ರಿ. ತಿಥಿ ಮಾರನೇ ದಿನ ಬಂತು."

ಯಶೋದಮ್ಮ ಬೆರಳು ಮಡಿಚಿ ಲೆಕ್ಕ ಹಾಕಿ, "ಹೌದಲ್ವಾ ಪದ್ಮನಾಭ ಅವ್ರೇ" ಎಂದರು.

ಪದ್ಮನಾಭ ಚಾವಣಿ ನೋಡುತ್ತ ಯೋಚಿಸಿದರು. ದಿನಾಂಕದ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ. ವಿಮಾ ಕಚೇರಿಯಲ್ಲಿ ಒಂದು ದಿನ ಹೆಚ್ಚು ಕಡಿಮೆಯಾದ ಎಷ್ಟೋ ಅರ್ಜಿಗಳನ್ನು ಹಿಂದಿರುಗಿಸಿದ್ದರು. ಕೊನೆಗೆ, "ನೀನು ಬಿಡಲ್ಲ ಅನ್ನೋದು ಅಪ್ಪನಿಗೆ ಮೊದಲೇ ಗೊತ್ತಿತ್ತು" ಎಂದರು.

ಯಶೋದಮ್ಮ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. ಅಲಮೇಲು ಬಿಡಿಸಿದ ಕಿತ್ತಳೆ ತೊಳೆಗಳಲ್ಲಿ ಅರ್ಧ ಗಂಡನ ಕೈಗೆ, ಅರ್ಧ ಯಶೋದಮ್ಮನ ಕೈಗೆ ಹಾಕಿದರು. ಉತ್ತರ ಕೊಡಬಹುದಿತ್ತು. ಸಹಿ ಹಾಕಿದ್ದೂ ತಾನೇ, ಬಿಲ್ಲಿಂಗಿನವನು ತಿಂಡಿಗೆ ಹೋಗದೆ ಇದ್ದಿದ್ದರೆ ಇವರು ಆಗಲೇ ಮನೆ ಸೇರಿರುತ್ತಿದ್ದರು, ಉಳಿಸಲು ಅಪ್ಪನಿಂದಲೂ ಆಗುತ್ತಿರಲಿಲ್ಲ ಎನ್ನಬಹುದಿತ್ತು. ಆದರೆ ಎದುರಿಗೆ ಆ ಮನುಷ್ಯ ದಿಂಬಿಗೆ ಒರಗಿ, ಬಾಯಲ್ಲಿ ಹಣ್ಣಿಟ್ಟುಕೊಂಡು, ಇನ್ನೊಂದು ವಾದ ಹೂಡುತ್ತಿರುವುದು ಕಾಣಿಸುತ್ತಿತ್ತು.

"ಅಮಾವಾಸ್ಯೆಗೆ ನಾನೇ ಇನ್ನೊಂದು ಸಲ ಮಾಡ್ತೀನಿ" ಎಂದರು ಪದ್ಮನಾಭ. "ಮುರಳಿ ಜನಿವಾರ ಬಲಕ್ಕೆ ಹಾಕ್ಕೊಳ್ಳೋದನ್ನ ಎರಡು ಸಲ ಮರೆತನಂತೆ. ಪುರೋಹಿತರೇ ಹೇಳಿದ್ರು."

"ಮಾಡಿ" ಎಂದ ಅಲಮೇಲು, ಮತ್ತೆ ತುಂಬಿದ್ದ ಬಾಟಲಿಯನ್ನು ಮಂಚದ ಕೆಳಗಿನಿಂದ ತೆಗೆದುಕೊಂಡು ಬಚ್ಚಲಿನ ಕಡೆ ಹೊರಟರು.